ಬಸಿರಿಗೆ ಮೊದಲಿನ ಓಡಾಟ: ತೀರ್ಥಹಳ್ಳಿ ಕಡೆಯಿಂದ ಒಂದು ಅನುಭವ

ನಮ್ಮ ಕಡೆ ಹೆಂಗಸರು ಹೆರಿಗೆ ಡಾಕ್ಟರ ಹತ್ತಿರ ಹೋಗುವುದು ಎರಡು ಕಾರಣಕ್ಕೆ. ಮುಟ್ಟು ನಿಂತಾಗ. ಇಲ್ಲಾ, ಮದುವೆಯಾಗಿ ವರ್ಷಗಳಾದರೂ ನಿಲ್ಲದಿದ್ದಾಗ. ನಾನು ಹೋಗಿದ್ದು ಎರಡಕ್ಕೂ ಅಲ್ಲ. ಇನ್ನು ಮಗು ಬೇಕು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅದಕ್ಕೆ ಮೊದಲು ಮೈ ಸರಿ ಇದೆಯಾ ಅಂತ ಒಂದ್ಸಲ ತೋರಿಸಿಕೊಂಡು ಬರೋಣ ಅಂತ ಹೊರಟೆ. ಒಂದು ದಿನದ ಕೆಲಸ ಅಂದುಕೊಂಡಿದ್ದು ಮಳೆಗಾಲಕ್ಕೆ ಮುಂಚೆ ಶುರುವಾಗಿ ಅಡಿಕೆ ಕೊಯ್ಲಿನ ತನಕ ಎಳೆಯಿತು. ಮೊನ್ನೆ ಡಾಕ್ಟರು "ಇನ್ನು ತೊಂದರೆ ಇಲ್ಲ, ಮುಂದುವರಿಸಿ" ಅಂದರು.

ಇಷ್ಟು ಹೊತ್ತು ಯಾಕೆ ಹಿಡಿಯಿತು ಅಂದರೆ, ಇದರಲ್ಲಿ ಒಂದೊಂದಕ್ಕೂ ಕಾಯುವ ಕಾಲ ಬೇರೆ ಬೇರೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಸರಿ ಹೋಯಿತಾ ಅಂತ ತಿಳಿಯಲು ಆರರಿಂದ ಎಂಟು ವಾರ ಬೇಕು. ರುಬೆಲ್ಲಾ ಅಂತ ಒಂದು ದದ್ದಿನ ಜ್ವರ, ಬಸಿರಲ್ಲಿ ಬಂದರೆ ಮಗುವಿಗೆ ತೊಂದರೆ; ಅದರ ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಬಸಿರಾಗಬಾರದು. ಕಡಿಮೆಯಾದ ರಕ್ತ ಏರಲು ಎರಡು ಮೂರು ತಿಂಗಳು. ಗಂಡಸಿನ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು. ಒಂದು ಮುಗಿದ ಮೇಲೆ ಇನ್ನೊಂದು ಅಂತ ಹೊರಟರೆ ವರ್ಷವೇ ಹೋಗುತ್ತದೆ. ಎಲ್ಲ ಒಟ್ಟಿಗೆ ಶುರು ಮಾಡಿದರೆ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ನಮಗೆ ಮೊದಲು ಇದನ್ನು ಯಾರೂ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಪೇಟೆಯಿಂದ ಒಳಗೆ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಇವರು ತೋಟ ನೋಡಿಕೊಳ್ಳುತ್ತಾರೆ. ನನಗೆ 31, ಇವರಿಗೆ 35. ಮೊದಲು ಹೋಗಿದ್ದು ಒಂದು ಖಾಸಗಿ ಕ್ಲಿನಿಕ್ಕಿಗೆ. ಚೀಟಿ ಬರೆಯುವ ಹುಡುಗಿ ತಲೆ ಎತ್ತದೆ ಕೇಳಿದಳು: "ಎಷ್ಟು ತಿಂಗಳು?"

"ಇಲ್ಲ, ಇನ್ನೂ ಆಗಿಲ್ಲ."

"ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಮೂರು."

"ಎಷ್ಟು ದಿನದಿಂದ ಟ್ರೈ ಮಾಡ್ತಿದ್ದೀರಾ?"

"ಇನ್ನೂ ಶುರು ಮಾಡಿಲ್ಲ."

ಆಗ ತಲೆ ಎತ್ತಿ ನೋಡಿದಳು. ಸ್ವಲ್ಪ ಯೋಚಿಸಿ ಪುಸ್ತಕದಲ್ಲಿ ಮಕ್ಕಳಾಗದವರ ಕಡೆ ನನ್ನ ಹೆಸರು ಬರೆದುಕೊಂಡಳು. ಅಕ್ಕಪಕ್ಕ ಕೂತವರೆಲ್ಲ ಹೊಟ್ಟೆ ಹೊತ್ತವರು. ಒಬ್ಬರು ಪಾಪ, ಕನಿಕರದಿಂದ ನನ್ನ ಕೈ ಹಿಡಿದು "ಆಗುತ್ತೆ ಬಿಡಿ, ನಮ್ಮ ನಾದಿನಿಗೂ ಏಳು ವರ್ಷಕ್ಕೆ ಆಯ್ತು" ಅಂದರು. ಏನು ಹೇಳೋದು? ಸುಮ್ನೆ ತಲೆ ಆಡಿಸಿದೆ.

ಅಲ್ಲಿ ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆಯಾದಾಗ ಏರುವ ಟಿಎಸ್‌ಎಚ್ 7.2 ಬಂತು, ಅಂದರೆ ಜಾಸ್ತಿ. ಹಿಮೋಗ್ಲೋಬಿನ್ 9.6, ಅಂದರೆ ರಕ್ತ ಕಡಿಮೆ. "ಮೊದಲು ಥೈರಾಯ್ಡ್ ಸರಿ ಮಾಡೋಣ, ಉಳಿದಿದ್ದು ಆಮೇಲೆ. ಎರಡು ತಿಂಗಳು ಬಿಟ್ಟು ಬನ್ನಿ" ಅಂದರು. ಮಾತು ಮುಗಿಯುವುದರೊಳಗೆ ಮುಂದಿನವರನ್ನು ಕರೆದಾಗಿತ್ತು. ಕೆಳಗಿನ ಲ್ಯಾಬಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಸಿರಿಗೆ ಮುಂಚಿನ ಪ್ಯಾಕೇಜ್ ಇದೆ, ಟಾರ್ಚ್ ಟೆಸ್ಟ್ (ಮಗುವಿಗೆ ತೊಂದರೆ ಮಾಡುವ ಕೆಲವು ಸೋಂಕುಗಳ ಪರೀಕ್ಷೆ), ಎಎಂಎಚ್ ಎಲ್ಲ ಸೇರಿ ಆರೂವರೆ ಸಾವಿರ, ಇವತ್ತೇ ಮಾಡಿಸಿದರೆ ಡಿಸ್ಕೌಂಟ್ ಅಂದರು. ಕೈಯಲ್ಲಿ ಅಷ್ಟು ಇರಲಿಲ್ಲ. ಹಾಗಾಗಿ ಉಳಿಯಿತು.

ಮನೆಗೆ ಬಂದು ಇವರಿಗೆ ಹೇಳಿದರೆ, "ಎಂತ ಮಾರಾಯ್ತಿ, ಮಗು ಆಗೋಕೆ ಮೊದಲೇ ಇಷ್ಟು ಬಿಲ್ಲಾ?" ಅಂದರು. ಅತ್ತೆ ಒಳಗಿಂದಲೇ, "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು?" ಅಂತ ದನಿ ಸೇರಿಸಿದರು.

ಚಿಕ್ಕಮ್ಮನ ಮಗಳು ನರ್ಸ್. ಅವಳಿಗೆ ಫೋನ್ ಮಾಡಿದೆ. "ಅಕ್ಕಾ, ಒಬ್ಬಳೇ ಹೋಗಬೇಡ, ಭಾವನನ್ನೂ ಕರ್ಕೊಂಡು ಶಿವಮೊಗ್ಗಕ್ಕೆ ಹೋಗು" ಅಂತ ಒಬ್ಬ ಮೇಡಂ ವಿಷಯ ಹೇಳಿದಳು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಶಕ್ತಿ ಯೋಜನೆ 2023ರಲ್ಲೇ ಬಂದಿದೆ, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ. ಆದರೆ ನಮ್ಮ ದಾರಿಯಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂದರೆ ಸರ್ಕಾರಿ ಬಸ್ಸಿಗೆ ಕಾಯುವ ಹಾಗಿಲ್ಲ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಊರು ಸೇರುವ ಹೊತ್ತಿಗೆ ತಲೆ ಸುತ್ತುತ್ತಿತ್ತು. ಮುಂದೆ ಹೀಗೆ ಹೋಗುವವರು ಬ್ಯಾಗಿನಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಳ್ಳಿ, ರಕ್ತ ಕೊಟ್ಟ ಕೂಡಲೇ ತಿನ್ನಲಿಕ್ಕೆ. ಇನ್ನೊಂದು ಮಾತು: ಟಿಎಸ್‌ಎಚ್‌ಗೆ ಖಾಲಿ ಹೊಟ್ಟೆ ಬೇಡ. ಉಪವಾಸ ಬೇಕಾಗಿದ್ದು ಸಕ್ಕರೆ ಪರೀಕ್ಷೆಗೆ ಮಾತ್ರ. ಮಾತ್ರೆ ಶುರುವಾದ ಮೇಲೆ ಟಿಎಸ್‌ಎಚ್ ಮಾಡಿಸುವ ದಿನ ರಕ್ತ ಕೊಟ್ಟ ನಂತರವೇ ಅವತ್ತಿನ ಮಾತ್ರೆ ನುಂಗಿ ಅಂತ ನನಗೆ ಹೇಳಿದ್ದರು.

ಶಿವಮೊಗ್ಗದ ಮೇಡಂ ಮೊದಲು ಪರೀಕ್ಷೆ ಬರೆಯಲಿಲ್ಲ. ಪ್ರಶ್ನೆ ಕೇಳಿದರು. ಸಂಬಂಧದಲ್ಲಿ ಮದುವೆಯಾ? ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ? ಹುಟ್ಟಿನಿಂದ ತೊಂದರೆ ಇರುವ ಮಕ್ಕಳು ಎರಡೂ ಮನೆಯಲ್ಲಿ ಇದ್ದಾರಾ? ಫಿಟ್ಸ್, ಬಿಪಿ, ಮೊಡವೆಗೆ ಏನಾದರೂ ಮಾತ್ರೆ? ತೋಟದಲ್ಲಿ ಚಪ್ಪಲಿ ಹಾಕ್ತೀರಾ? ಔಷಧಿ ಹೊಡೆದ ಬಟ್ಟೆ ಯಾರು ಒಗೆಯುವುದು? ಆಮೇಲೆ ಇವರ ಕಡೆ ತಿರುಗಿ, "ನಿಮ್ಮದು ಏನೇನಿದೆ? ಎಲೆ ಅಡಿಕೆನಾ, ಹೊಗೆಸೊಪ್ಪೂನಾ?" ಇವರು ಕಿಟಕಿ ನೋಡುತ್ತಾ "ಸ್ವಲ್ಪ" ಅಂದರು. "ಸ್ವಲ್ಪ ಅಂದರೆ ದಿನಕ್ಕೆ ಎಷ್ಟು ಸಲ?" ನಾನು ಉತ್ತರ ಹೇಳಲಿಲ್ಲ. ಇವರೇ ಹೇಳಲಿ ಅಂತ ಕೂತೆ.

ಔಷಧಿ ಚೀಟಿ ಮಗುಚಿ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಗೆರೆ ಎಳೆದರು, ಒಂದರ ಕೆಳಗೆ ಒಂದು. ಒಂದರ ಮೇಲೆ ಥೈರಾಯ್ಡ್, ಒಂದರ ಮೇಲೆ ರಕ್ತ, ಒಂದರ ಮೇಲೆ ಲಸಿಕೆ, ಕೊನೆಯದರ ಮೇಲೆ ಇವರ ಹೆಸರು. ನಾಲ್ಕೂ ಎಡಗಡೆ ಒಂದೇ ಕಡೆಯಿಂದ ಶುರು. ಬಲಗಡೆ ಉದ್ದ ಮಾತ್ರ ಬೇರೆ ಬೇರೆ. "ಎಲ್ಲಕ್ಕಿಂತ ಉದ್ದದ ಗೆರೆ ಎಲ್ಲಿ ಮುಗಿಯುತ್ತೋ ಅಲ್ಲಿಯವರೆಗೆ ಕಾಯಬೇಕು, ಅಷ್ಟೇ" ಅಂದರು. ಆ ಚೀಟಿ ಈಗಲೂ ಫೈಲಿನಲ್ಲಿದೆ. ಇದು ಗೊತ್ತಿಲ್ಲದೆ ಬರೀ ಥೈರಾಯ್ಡ್ ಹಿಡಿದುಕೊಂಡು ಕೂತಿದ್ದರೆ ಇಷ್ಟು ಹೊತ್ತಿಗೆ ನಾನು ಲಸಿಕೆಯ ಮಾತೇ ಎತ್ತಿರುತ್ತಿರಲಿಲ್ಲ.

ಬರೆದ ಪರೀಕ್ಷೆ ಹೀಗಿತ್ತು: ರಕ್ತದ ಪೂರ್ತಿ ಲೆಕ್ಕ, ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ರಕ್ತದ ಗುಂಪು, ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಮೂತ್ರ, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್, ರುಬೆಲ್ಲಾಕ್ಕೆ ಮೈಯಲ್ಲಿ ರಕ್ಷಣೆ ಇದೆಯಾ ಅಂತ ನೋಡುವ ರುಬೆಲ್ಲಾ ಐಜಿಜಿ. ನನ್ನ ಕೆಂಪು ರಕ್ತಕಣ ಸಣ್ಣದಿದ್ದವು ಅಂತ, ವಂಶದಿಂದ ಬರುವ ರಕ್ತದ ಕಾಯಿಲೆ ತಲಸ್ಸೇಮಿಯಾ ನೋಡಲು ಎಚ್‌ಪಿಎಲ್‌ಸಿ ಕೂಡ. ಆ ಆರೂವರೆ ಸಾವಿರದ ಪ್ಯಾಕೇಜ್ ತೋರಿಸಿದೆ. ಟಾರ್ಚ್ ಎಲ್ಲರಿಗೂ ಬೇಡ, ಅದರೊಳಗಿನ ರುಬೆಲ್ಲಾ ಒಂದು ಸಾಕು ಅಂದರು. ಎಎಂಎಚ್ ಅಂದರೆ ಅಂಡಾಶಯದಲ್ಲಿ ಮೊಟ್ಟೆ ಎಷ್ಟು ಉಳಿದಿದೆ ಅಂತ ಒಂದು ಅಂದಾಜು ಅಷ್ಟೇ, ತಾನಾಗಿ ಬಸಿರು ನಿಲ್ಲುತ್ತದಾ ಇಲ್ಲವಾ ಅಂತ ಅದು ಹೇಳುವುದಿಲ್ಲವಂತೆ. ಅರ್ಧಕ್ಕೂ ಕಡಿಮೆ ದುಡ್ಡಲ್ಲಿ ಮುಗಿಯಿತು.

ವರದಿ ಬರುವ ತನಕ ಎಚ್‌ಪಿಎಲ್‌ಸಿಯದ್ದೇ ಹೆದರಿಕೆ. ಗಂಡ ಹೆಂಡತಿ ಇಬ್ಬರಲ್ಲೂ ಬೀಟಾ ತಲಸ್ಸೇಮಿಯಾ ಗುಣ ಇದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವ. ಒಬ್ಬರಿಗೆ ಮಾತ್ರ ಇದ್ದರೆ ಆ ಭಯ ಇಲ್ಲ. ನನ್ನದು ನಾರ್ಮಲ್ ಬಂತು. ಆದರೂ ಕಬ್ಬಿಣಾಂಶ ತೀರಾ ಕಡಿಮೆ ಇದ್ದಾಗ ಇದು ಮರೆಯಾಗಬಹುದು ಅಂತ, ರಕ್ತ ಏರಿದ ಮೇಲೆ ಇನ್ನೊಮ್ಮೆ ಮಾಡಿಸಿದರು. ಆಗಲೂ ನಾರ್ಮಲ್.

ರುಬೆಲ್ಲಾ ಮಾತ್ರ ನೆಗೆಟಿವ್. ಅಂದರೆ ನನ್ನಲ್ಲಿ ಅದಕ್ಕೆ ರಕ್ಷಣೆ ಇಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ ಆಗಬಹುದು. ತಾಯಿಗೆ ಸಣ್ಣ ಜ್ವರ, ಮೈಮೇಲೆ ದದ್ದು ಅಷ್ಟೇ. "ಚಿಕ್ಕವಳಿದ್ದಾಗ ಹಾಕಿಸಿದ ಕಾರ್ಡ್ ಇದೆಯಾ?" ಅಂತ ಕೇಳಿದರು. ಅಮ್ಮನಿಗೆ ಫೋನ್ ಮಾಡಿದೆ. ಅಟ್ಟದ ಟ್ರಂಕು ತೆಗೆದು ಹುಡುಕಿದರಂತೆ. ಸಿಕ್ಕಿದ್ದು ನನ್ನ ಎಸ್‌ಎಸ್‌ಎಲ್‌ಸಿ ಹಾಲ್ ಟಿಕೆಟ್. ಕಾರ್ಡ್ ಸಿಕ್ಕಿದ್ದರೂ ಅದರಲ್ಲಿ ರುಬೆಲ್ಲಾ ಇರುತ್ತಿರಲಿಲ್ಲ ಬಿಡಿ. ಕರ್ನಾಟಕದಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಆಗಿದ್ದು 2017ರ ಫೆಬ್ರವರಿಯಲ್ಲಿ, ಅದೂ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ. ನಾನು ಅಷ್ಟು ಹೊತ್ತಿಗೆ ಡಿಗ್ರಿ ಮುಗಿಸಿದ್ದೆ. ನನ್ನ ವಯಸ್ಸಿನ ಎಷ್ಟೋ ಜನ ಹೀಗೇ ನಡುವೆ ಬಿಟ್ಟುಹೋದವರು.

ಲಸಿಕೆ ಹುಡುಕುವುದೇ ಒಂದು ಕಥೆ. ಸರ್ಕಾರಿ ಆಸ್ಪತ್ರೆಯಲ್ಲಿ ಇರುವುದು ಮಕ್ಕಳ ಲೆಕ್ಕದ್ದು, ದೊಡ್ಡವರಿಗೆ ಕೊಡಲು ಬರುವುದಿಲ್ಲ ಅಂದರು. ಹೊರಗಡೆ ರುಬೆಲ್ಲಾ ಸೇರಿರುವ ಎಂಎಂಆರ್ ಲಸಿಕೆ ಕೊಂಡುಕೊಳ್ಳಬೇಕು. ನಮ್ಮ ಪೇಟೆಯ ಮೆಡಿಕಲ್‌ಗಳಲ್ಲಿ ಇರಲಿಲ್ಲ. ಒಬ್ಬರು ತರಿಸಿಕೊಡುತ್ತೇನೆ ಅಂದರು, ಆಮೇಲೆ ಸ್ಟಾಕ್ ಇಲ್ಲ ಅಂದರು. ಮಳೆ ಹೊಡೆದು ಎರಡು ದಿನ ಕರೆಂಟ್ ಇಲ್ಲದಾಗ, ಫ್ರಿಜ್‌ನಲ್ಲಿಟ್ಟ ಲಸಿಕೆ ಕೊಡಲು ನಮಗೇ ಧೈರ್ಯ ಇಲ್ಲ ಅಂತ ನೇರವಾಗಿ ಹೇಳಿದವರೂ ಇದ್ದಾರೆ. ಆ ಪುಣ್ಯಾತ್ಮರಿಗೆ ನಮಸ್ಕಾರ. ಈ ಲಸಿಕೆ 2ರಿಂದ 8 ಡಿಗ್ರಿ ತಂಪಲ್ಲೇ ಇರಬೇಕು. ಕೊನೆಗೆ ಸಿಕ್ಕಿದ್ದು ಶಿವಮೊಗ್ಗದಲ್ಲಿ, ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ. ಗೋಡೆ ತುಂಬ ಆನೆ, ಜಿರಾಫೆ ಚಿತ್ರ. ಅಳುವ ಮಕ್ಕಳ ಸಾಲಿನಲ್ಲಿ ನಾನೊಬ್ಬಳು. ಪಕ್ಕದ ಹುಡುಗ ನನ್ನನ್ನು ನೋಡಿ "ಆಂಟಿ, ನಿಮಗೂ ಚುಚ್ತಾರಾ?" ಅಂತ ಕೇಳಿ ಅಳು ನಿಲ್ಲಿಸಿದ.

ಹಾಕುವ ಮೊದಲು ಮೂತ್ರ ಪರೀಕ್ಷೆ ಮಾಡಿ ಬಸಿರಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಇದು ಜೀವ ಇರುವ ಲಸಿಕೆ, ಬಸುರಿಯರಿಗೆ ಕೊಡುವ ಹಾಗಿಲ್ಲ. ಆಮೇಲೆ ಒಂದು ತಿಂಗಳು ನಿರೋಧ್ ಬಿಡಬೇಡಿ ಅಂದರು. ರುಬೆಲ್ಲಾಕ್ಕೆ ಒಂದು ಡೋಸ್ ಸಾಕಂತೆ. ಸೀಸೆಯ ಮೇಲಿನ ಸ್ಟಿಕ್ಕರ್ ಕಿತ್ತು ಫೈಲಿಗೆ ಅಂಟಿಸಿ, ತಾರೀಕು ಹಾಕಿ ಸಹಿ ಮಾಡಿಸಿಕೊಂಡೆ. ನಿಮಗೂ ಅದೇ ಹೇಳುತ್ತೇನೆ. ಮುಂದೆ ಯಾವ ಡಾಕ್ಟರು ಕೇಳಿದರೂ ಅಟ್ಟ ಹತ್ತಬೇಕಾಗಿಲ್ಲ. ಚಿಕನ್‌ಪಾಕ್ಸ್ ನನಗೆ ಶಾಲೆಯಲ್ಲಿದ್ದಾಗಲೇ ಆಗಿತ್ತು, ಹಾಗಾಗಿ ಅದರ ಲಸಿಕೆ ಬೇಕಾಗಲಿಲ್ಲ. ಆಗದವರು ಇದೇ ಹೊತ್ತಿಗೆ ಕೇಳಿಕೊಳ್ಳಿ, ಅದಕ್ಕೆ ಎರಡು ಡೋಸ್, ನಡುವೆ ಕಾಯುವ ಕಾಲ ಬೇರೆ.

ಇನ್ನು ಮಾತ್ರೆ. ಮಲೆನಾಡಿನ ಮನೆಯಲ್ಲಿ ಥೈರಾಯ್ಡ್ ಮಾತ್ರೆ ತಿನ್ನುವುದು ಎಷ್ಟು ಕಷ್ಟ ಅಂತ ಆ ಕಂಪನಿಯವರಿಗೆ ಗೊತ್ತಿಲ್ಲ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಲ್ಲಿ ನುಂಗಬೇಕು. ಆಮೇಲೆ ಮುಕ್ಕಾಲು ಗಂಟೆ, ಒಂದು ಗಂಟೆ ಕಾಫಿ ಇಲ್ಲ. ನಮ್ಮನೆಯಲ್ಲಿ ಹಾಲು ಕರೆದು ತಂದ ಕೂಡಲೇ ಕಾಫಿ. ಡಿಕಾಕ್ಷನ್ ಇಳಿಯುವ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ. ಅತ್ತೆ ಲೋಟ ಹಿಡಿದು, "ಒಂದು ಗುಟುಕು ಕುಡಿ, ಎಂತ ಆಗ್ತದೆ?" ಅಂತಾರೆ. ಕಾಫಿ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂತ ಎಷ್ಟು ಸಲ ಹೇಳಿದರೂ ಅವರಿಗೆ ಸಮಾಧಾನ ಇಲ್ಲ. ಕೊನೆಗೆ ನಾನೇ ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವ ಮೊದಲೇ ನುಂಗಲು ಶುರು ಮಾಡಿದೆ. ದನ ನೋಡಿಕೊಂಡು, ಅಂಗಳಕ್ಕೆ ನೀರು ಹಾಕಿ ಬರುವ ಹೊತ್ತಿಗೆ ಗಂಟೆ ಕಳೆದಿರುತ್ತಿತ್ತು.

ಕಬ್ಬಿಣದ ಮಾತ್ರೆಗೂ ಇದಕ್ಕೂ ಜಗಳ. ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂಗೂ ಅಷ್ಟೇ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ನಾನು ಮಧ್ಯಾಹ್ನ ಊಟಕ್ಕೆ ಮುಂಚೆ, ಸೊಸೈಟಿಯಲ್ಲೇ, ನಿಂಬೆ ಪಾನಕದ ಜೊತೆ ನುಂಗಿದೆ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ಕಟ್ಟಿತು, ಒಂದೆರಡು ವಾರ ಸಿಡಿಸಿಡಿ ಅಂತಿದ್ದೆ. ಡಾಕ್ಟರಿಗೆ ಹೇಳಿದ ಮೇಲೆ ಬೇರೆ ಮಾತ್ರೆ ಬದಲಿಸಿಕೊಟ್ಟರು, ಆಮೇಲೆ ಸರಿಹೋಯಿತು. ಬಿಟ್ಟುಬಿಡುವ ಬದಲು ಬದಲಿಸಿ ಕೇಳಿ.

ರಕ್ತ ಯಾಕೆ ಕಡಿಮೆ ಅಂದರೆ, ಮುಟ್ಟಿನಲ್ಲಿ ಜಾಸ್ತಿ ಹೋಗುವುದು ಒಂದು. ಇನ್ನೊಂದು ಬರಿಗಾಲು. ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳ ಪಾದದ ಚರ್ಮ ತೂರಿ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಚಪ್ಪಲಿ ಹಾಕ್ತೀರಾ ಅಂತ ಅವತ್ತು ಕೇಳಿದ್ದು ಅದಕ್ಕೆ. ತೋಟಕ್ಕೆ ಇಳಿಯುವಾಗ ಯಾರು ಚಪ್ಪಲಿ ಹಾಕುತ್ತಾರೆ ಹೇಳಿ? ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಮಾತ್ರೆ ಕೊಟ್ಟರು, ಮನೆಯವರೆಲ್ಲರಿಗೂ. ಬಸಿರಿನ ಮೊದಲ ಮೂರು ತಿಂಗಳು ಅದನ್ನು ಕೊಡುವುದಿಲ್ಲ, ಹಾಗಾಗಿ ಈಗಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ಗಂಬೂಟು ಕೊಂಡೆ. ಜಿಗಣೆಗೂ ಆಯಿತು.

ಫೋಲಿಕ್ ಆಸಿಡ್ ವಿಷಯ ಇನ್ನೂ ಮುಖ್ಯ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಬಸಿರು ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ನಮಗೆ ಗೊತ್ತಾಗುವಾಗಲೇ ಅದರಲ್ಲಿ ಅರ್ಧ ಕಾಲ ಮುಗಿದಿರುತ್ತದೆ. ಡಾಕ್ಟರ ಹತ್ತಿರ ಹೋಗಿ, ಮಾತ್ರೆ ತಂದು ಶುರು ಮಾಡುವ ಹೊತ್ತಿಗೆ ಆ ಕೆಲಸ ಆಗಿಹೋಗಿರುತ್ತದೆ. ಅದಕ್ಕೇ ಕನಿಷ್ಠ ಒಂದು ತಿಂಗಳು ಮೊದಲೇ ದಿನಾ 400 ಮೈಕ್ರೋಗ್ರಾಂ ಬೇಕು. ಮೆಡಿಕಲ್‌ನಲ್ಲಿ ಸುಮ್ನೆ ಫೋಲಿಕ್ ಕೊಡಿ ಅಂದರೆ 5 ಮಿಲಿಗ್ರಾಂದು ಕೊಡುತ್ತಾರೆ. ಅದು ಇದರ ಹನ್ನೆರಡು ಪಟ್ಟಿಗೂ ಜಾಸ್ತಿ. ಮೊದಲು ಬೆನ್ನುಹುರಿ ತೊಂದರೆಯ ಮಗು ಆದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಕೆಲವು ಫಿಟ್ಸ್ ಮಾತ್ರೆ ತಿನ್ನುವವರಿಗೆ ಅಷ್ಟು ಬೇಕಾಗುತ್ತದೆ, ನಿನಗೆ ಬೇಡ ಅಂದರು. ಫಿಟ್ಸ್ ಮಾತ್ರೆ ಅಂದಾಗ ನೆನಪಾಯಿತು: ಕೆಲವು ಮಾತ್ರೆ ಮಗುವಿಗೆ ಆಗಿಬರುವುದಿಲ್ಲ ನಿಜ, ಆದರೆ ಹಾಗಂತ ನಾವೇ ನಿಲ್ಲಿಸಬಾರದು. ಬಸಿರಿಗೆ ಮೊದಲೇ ಆ ಡಾಕ್ಟರ ಹತ್ತಿರ ಹೋಗಿ ಬದಲಿಸಿಕೊಳ್ಳಬೇಕು. ಬಿಪಿ ಮಾತ್ರೆಗೂ ಇದೇ ಮಾತು.

ಮಳೆಗಾಲದಲ್ಲಿ ನಮ್ಮಲ್ಲಿ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಥೈರಾಯ್ಡ್ ಮಾತ್ರೆಗೆ ತೇವ ಆಗಿಬರುವುದಿಲ್ಲ. ಒಲೆಯ ಪಕ್ಕದ ಗೂಡಿನಿಂದ ತೆಗೆದು ಅಕ್ಕಿ ಡಬ್ಬದ ಪಕ್ಕದ ಒಣ ಜಾಗದಲ್ಲಿ, ಬಾಟಲಿಯ ಮುಚ್ಚಳ ಬಿಗಿ ಮಾಡಿ ಇಟ್ಟುಕೊಂಡೆ.

ಎರಡು ತಿಂಗಳ ಮೇಲೆ ಟಿಎಸ್‌ಎಚ್ ನೋಡಿದರೆ 0.2. ಮೇಡಂ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಮಾತ್ರೆ ಜಾಸ್ತಿಯಾಗಿದ್ದರೆ ಎದೆ ಬಡಿತ, ಬೆವರು ಇರಬೇಕು, ನಿನಗೇನೂ ಇಲ್ಲವಲ್ಲ ಅಂದರು. "ಬೇರೆ ಏನಾದರೂ ಮಾತ್ರೆ ತಿಂತಿದ್ದೀಯಾ?" ಕೂದಲು ಉದುರುತ್ತಿತ್ತು, ಪಾರ್ಲರಿನವರು ಬಯೋಟಿನ್ ಮಾತ್ರೆ ಕೊಟ್ಟಿದ್ದರು. ಅದೇ ಕಾರಣ. ಬಯೋಟಿನ್ ಥೈರಾಯ್ಡನ್ನು ಏನೂ ಮಾಡುವುದಿಲ್ಲ, ಪರೀಕ್ಷೆಯ ಯಂತ್ರವನ್ನು ದಾರಿ ತಪ್ಪಿಸುತ್ತದಂತೆ. ಒಂದು ವಾರ ನಿಲ್ಲಿಸಿ ಮತ್ತೆ ಮಾಡಿಸಿದಾಗ 3.8. ಆ ಮೊದಲ ವರದಿ ನಂಬಿ ಮಾತ್ರೆ ಕಡಿಮೆ ಮಾಡಿದ್ದರೆ ಕಥೆ ಉಲ್ಟಾ ಆಗುತ್ತಿತ್ತು. ಬಸಿರಿಗೆ ಮೊದಲು ಟಿಎಸ್‌ಎಚ್ 2.5ರ ಕೆಳಗಿರಲಿ ಅಂತ ಮಾತ್ರೆ ಸ್ವಲ್ಪ ಏರಿಸಿದರು. ಮತ್ತೆ ಆರು ವಾರ. ಅವತ್ತು ಬಸ್ಸಲ್ಲಿ ಬರುವಾಗ ಅಳು ಬಂತು. ಪಕ್ಕದಲ್ಲಿ ನಮ್ಮೂರಿನವರೇ ಒಬ್ಬರು ಕೂತಿದ್ದರು. "ಎಂತ, ವಿಶೇಷನಾ?" ಅಂತ ನಗುತ್ತಾ ಕೇಳಿದರು. ಶಿವಮೊಗ್ಗಕ್ಕೆ ಇಷ್ಟು ಸಲ ಓಡಾಡುವುದನ್ನು ಊರು ನೋಡದೆ ಇರುತ್ತದಾ?

ಇವರ ವಿಷಯಕ್ಕೆ ಬರೋಣ. ತಯಾರಿ ಅಂದರೆ ಹೆಂಗಸಿನದ್ದು ಮಾತ್ರ ಅಂತ ನಮ್ಮಲ್ಲಿ ಎಲ್ಲರ ಲೆಕ್ಕ. ಮೇಡಂ ಹೇಳಿದ್ದು, ಇವತ್ತು ಬಿಟ್ಟ ಹೊಗೆಸೊಪ್ಪಿನ ಫಲ ಕಾಣುವುದು ಮೂರು ತಿಂಗಳ ಮೇಲೆ ತಯಾರಾದ ವೀರ್ಯದಲ್ಲಿ ಅಂತ. ಅಡಿಕೆ ಬೆಳೆಯುವ ಮನೆಯಲ್ಲಿ ಎಲೆ ಅಡಿಕೆ ಬಿಡು ಅನ್ನುವುದು ಸಣ್ಣ ಮಾತಲ್ಲ. ಮೊದಲ ವಾರ ಇವರ ಮುಖ ನೋಡುವ ಹಾಗಿರಲಿಲ್ಲ. ಬಾಯಿಗೆ ಲವಂಗ, ಸೋಂಪು. ಹೊಗೆಸೊಪ್ಪು ಪೂರ್ತಿ ಬಿಟ್ಟರು. ಅಡಿಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕೊಯ್ಲು ಶುರುವಾಗಿ ರಾತ್ರಿ ಸುಲಿಯಲು ಜನ ಕೂತಾಗ ಎಲೆ ತಟ್ಟೆ ಕೈಯಿಂದ ಕೈಗೆ ದಾಟುತ್ತದೆ. ಆಗ ಇವರು ಎದ್ದು ಒಲೆಯ ಹತ್ತಿರ, ಅಡಿಕೆ ಬೇಯುವ ಹಂಡೆ ನೋಡುವ ನೆಪದಲ್ಲಿ ಹೋಗುತ್ತಿದ್ದರು. ಅದನ್ನು ನಾನು ಗಮನಿಸಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ.

ಔಷಧಿ ಹೊಡೆಯುವ ವಿಷಯದಲ್ಲಿ ಮೇಡಂ ಖಡಾಖಂಡಿತ. ಕಳೆನಾಶಕ, ಕೀಟನಾಶಕ ನೀನು ಮುಟ್ಟಬೇಡ, ಕಲಸಬೇಡ. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಹೊಡೆದು ಬಂದವರ ಬಟ್ಟೆ ಬೇರೆ ಒಗೆಯಬೇಕು, ಅವರವರೇ ಒಗೆದರೆ ಇನ್ನೂ ಒಳ್ಳೆಯದು. ಇವರು ಒಗೆದರು. ಅತ್ತೆಗೆ ಅದೇ ದೊಡ್ಡ ಸುದ್ದಿ, ನಾಲ್ಕು ಮನೆಗೆ ಹೇಳಿದರು.

ಮಂಗನ ಕಾಯಿಲೆಯ ಮಾತೂ ಬಂತು. 1957ರಲ್ಲಿ ಇದು ಮೊದಲು ಕಂಡಿದ್ದು ನಮ್ಮ ಜಿಲ್ಲೆಯದ್ದೇ ಕ್ಯಾಸನೂರು ಕಾಡಲ್ಲಿ. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಅದರ ಕಾಲ, ಹರಡುವುದು ಉಣುಗಿನಿಂದ. ಆ ತಿಂಗಳುಗಳಲ್ಲಿ ದರಕು (ಒಣಗಿದ ಎಲೆ) ಗುಡಿಸಲು ಕಾಡಿಗೆ ಹೋಗಬೇಡ, ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಆಶಾ ಕಾರ್ಯಕರ್ತೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗು, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡು ಅಂದರು. ನಾನು ಹೋಗಲೇ ಇಲ್ಲ.

ಊಟದಲ್ಲಿ ಅತ್ತೆಯೇ ಗುರು. ನುಗ್ಗೆಸೊಪ್ಪು, ಬಸಳೆ, ಹರಿವೆ, ಹೆಸರುಕಾಳು, ಮೊಟ್ಟೆ, ರಾಗಿ ಅಂಬಲಿ. ಒಂದೆಲಗದ ತಂಬುಳಿ. ಕಳಲೆ ಮಾತ್ರ ಅವರೇ ಕಡಿಮೆ ಮಾಡಿದರು, ನಾನು ಕೇಳುವ ಮೊದಲೇ. ಬಿದಿರಿನ ಕಳಲೆಯಲ್ಲಿ ಥೈರಾಯ್ಡಿಗೆ ಅಡ್ಡಿ ಮಾಡುವ ಅಂಶ ಇದೆ. ಮೂರು ದಿನ ನೀರು ಬದಲಿಸಿ ನೆನೆಸಿ, ಬೇಯಿಸಿ ಅಪರೂಪಕ್ಕೆ ತಿಂದರೆ ಪರವಾಗಿಲ್ಲ ಅಂದರು ಡಾಕ್ಟರು. ಅತ್ತೆಯ ಪರಿಚಯದ ಒಬ್ಬರು ಬೇಗ ಬಸಿರಾಗಲು ಒಂದು ಪುಡಿ ಕೊಟ್ಟಿದ್ದರು. ಪೊಟ್ಟಣದ ಮೇಲೆ ಹೆಸರಿಲ್ಲ, ಒಳಗೇನಿದೆ ಅಂತ ಬರೆದಿಲ್ಲ. ಕೆಲವು ಭಸ್ಮಗಳಲ್ಲಿ ಸೀಸ ಇರುತ್ತದೆ, ಏನಿದೆ ಅಂತ ಗೊತ್ತಿಲ್ಲದ್ದನ್ನು ತಿನ್ನಬೇಡ ಅಂದರು ಮೇಡಂ. ಅದನ್ನು ಅತ್ತೆಗೆ ಹೇಳುವ ಕೆಲಸ ಇವರಿಗೆ ಬಿಟ್ಟೆ. ಮಗ ಹೇಳಿದರೆ ಕೇಳುತ್ತಾರೆ.

ಹಲ್ಲು ಮರೆಯಬೇಡಿ. ನನ್ನ ಒಂದು ದವಡೆ ಹಲ್ಲು ಒಳಗೇ ಹುಳುಕಾಗಿತ್ತು. ಎಕ್ಸ್‌ರೇ, ಬೇರು ಚಿಕಿತ್ಸೆ, ಮೇಲೆ ಕ್ಯಾಪ್. ಇಡೀ ಓಡಾಟದಲ್ಲಿ ಒಂದೇ ಕಡೆ ಜಾಸ್ತಿ ದುಡ್ಡು ಹೋಗಿದ್ದು ಅಲ್ಲೇ. ಬಸಿರಿನಲ್ಲಿ ಹಲ್ಲುನೋವು ಬಂದು ನರಳುವುದಕ್ಕಿಂತ ಮೊದಲೇ ಮುಗಿಯಿತಲ್ಲ.

ಖರ್ಚು ಕೇಳುವವರಿಗೆ: ಹಲ್ಲು ಬಿಟ್ಟು, ಪರೀಕ್ಷೆ, ಲಸಿಕೆ, ಡಾಕ್ಟರ ಫೀಸು, ಬಸ್ಸು ಎಲ್ಲ ಸೇರಿ ಸುಮಾರು ಹನ್ನೆರಡು ಸಾವಿರ ಆಗಿರಬಹುದು. ಮಾತ್ರೆಗೆ ಖರ್ಚು ಕಡಿಮೆ. ಫೋಲಿಕ್, ಕಬ್ಬಿಣ ಎಲ್ಲ ಜನೌಷಧಿ ಅಂಗಡಿಯಲ್ಲಿ ತೆಗೆದುಕೊಂಡೆ. ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿದರೆ ಸರ್ಕಾರದ ಕಬ್ಬಿಣದ ಮಾತ್ರೆ ಉಚಿತ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಇರುತ್ತದೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತವೆ. ಸಾಲು ನಿಲ್ಲುವ ತಾಳ್ಮೆ ಬೇಕು, ಬೆಳಿಗ್ಗೆ ಬೇಗ ಹೋಗಬೇಕು, ಆಧಾರ್ ಮರೆಯಬಾರದು.

ಕೊನೆಯ ಸಲ ಹೋದಾಗ ಹಿಮೋಗ್ಲೋಬಿನ್ 12.4, ಟಿಎಸ್‌ಎಚ್ 1.9. ಲಸಿಕೆಯ ತಿಂಗಳು ಎಂದೋ ಮುಗಿದಿತ್ತು. ಇವರ ಗೆರೆಯೂ ಮುಗಿದಿತ್ತು. ರಕ್ತ ಏರಿದರೂ ಒಳಗಿನ ಸಂಗ್ರಹ ತುಂಬಲು ಕಬ್ಬಿಣ ಇನ್ನೂ ಕೆಲವು ತಿಂಗಳು ಬೇಕು ಅಂದರು.

ಮುಂದೆ ಏನು ಮಾಡಬೇಕು ಅಂತ ಕೇಳಿಕೊಂಡು ಬಂದೆ. ಮುಟ್ಟು ತಪ್ಪಿದ ಕೂಡಲೇ ಮನೆಯಲ್ಲೇ ಪರೀಕ್ಷೆ ಮಾಡಿ, ಗೆರೆ ಎರಡು ಬಂದರೆ ಅದೇ ದಿನ ಫೋನ್ ಮಾಡಬೇಕು. ಬಸಿರಾದ ಮೇಲೆ ಥೈರಾಯ್ಡ್ ಮಾತ್ರೆ ಜಾಸ್ತಿ ಬೇಕಾಗುತ್ತದೆ, ಅದಕ್ಕೆ ಮುಂದಿನ ತಾರೀಕಿಗೆ ಕಾಯುವ ಹಾಗಿಲ್ಲ. ಆಮೇಲೆ ಅರ್ಧ ಬಸಿರಿನ ತನಕ ತಿಂಗಳಿಗೊಮ್ಮೆ ಟಿಎಸ್‌ಎಚ್. ತಾಯಿ ಕಾರ್ಡಿಗೆ ಮೂರು ತಿಂಗಳೊಳಗೆ ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಬೇಕು. ಆಗದಿದ್ದರೆ? ನನಗೆ 35 ಆಗಿಲ್ಲ, ಹಾಗಾಗಿ ಒಂದು ವರ್ಷ ಸುಮ್ನೆ ನೋಡಬಹುದಂತೆ. 35 ದಾಟಿದ ಹೆಂಗಸರು ಆರು ತಿಂಗಳಿಗೇ ಬರಬೇಕು. ಅಲ್ಲಿಯವರೆಗೆ ಫೋಲಿಕ್ ಬಿಡಬೇಡ, ಥೈರಾಯ್ಡ್ ಬಿಡಬೇಡ, ಸಿಕ್ಕಸಿಕ್ಕ ಟೆಸ್ಟ್ ಮಾಡಿಸಬೇಡ ಅಂದರು.